ಗಾಳಿಗೆ ಕೊಟ್ಟ ಕೆಲಸ

ದಸ್ತಗೀರ್ ಸಾಬರ ಬ್ಯಾಟರಿ ಅಂಗಡಿಗೆ
ದಿನಕ್ಕೆ ಹತ್ತು ಲೀಟರ್ ಭಟ್ಟಿ ನೀರು ಬೇಕು.
ಮಾಡಿಕೊಡ್ತೀನಿ ಅಂದುಬಿಟ್ಟೆ. ಬಾಯಿ ಜೋರು ನಂದು.

ಪುಸ್ತಕದ ಲೆಕ್ಕ ಹೀಗಿತ್ತು:
ಒಂದು ಲೀಟರಿನಷ್ಟು ಆವಿ ತಣಿದು ನೀರಾಗಲು
ಕೊಳವೆಯ ಸುತ್ತ ಇಪ್ಪತ್ತು ಲೀಟರ್ ತಣ್ಣೀರು
ಹರಿದು ಚರಂಡಿಗೆ ಹೋಗಬೇಕು.
ಅರಸೀಕೆರೆಯಲ್ಲಿ!
ಎಂಟು ದಿನಕ್ಕೊಮ್ಮೆ ನಲ್ಲಿ ಕೆಮ್ಮುವ ಬೀದಿಯಲ್ಲಿ,
ಕೊಡಗಳು ನಮಗಿಂತ ಮೊದಲೆದ್ದು ಸಾಲು ನಿಲ್ಲುವ ಬೀದಿಯಲ್ಲಿ
ನೀರಿಗಾಗಿ ನೀರು ಚೆಲ್ಲಿದರೆ
ಎದುರು ಮನೆ ಗಿರಿಜವ್ವ ನನ್ನನ್ನೇ ಭಟ್ಟಿ ಇಳಿಸುತ್ತಾಳೆ.

ನಮ್ಮಲ್ಲಿ ಪುಕ್ಕಟೆ ಸಿಗುವುದು ಗಾಳಿ ಒಂದೇ.
ಮಧ್ಯಾಹ್ನ ಮೂರಾದರೆ ಸಾಕು, ರೈಲು ಹಳಿ ದಾಟಿ ಬಂದು
ಶೆಡ್ಡಿನ ಶೀಟು ಎತ್ತೆತ್ತಿ ಕುಕ್ಕುತ್ತದೆ,
ಒಣಹಾಕಿದ ಹಪ್ಪಳ ಹೊತ್ತು ಪಕ್ಕದ ಬೀದಿಗೆ ಹಂಚುತ್ತದೆ.
ಕೆಲಸವಿಲ್ಲದೆ ಕೆಟ್ಟಿದೆ ಇದು,
ಕೆಲಸ ಕೊಡೋಣ ಅಂದುಕೊಂಡೆ.

ಮೊದಲು ತಾಮ್ರ.
ಗುಜರಿಯಲ್ಲಿ ಸಿಕ್ಕ ಹಳೇ ಏಸಿಯ ಹತ್ತಡಿ ಕೊಳವೆ.
ಒಣ ಮರಳು ಜರಡಿ ಹಿಡಿದು ಒಳಗೆ ತುಂಬಿ
ಎರಡೂ ತುದಿಗೆ ಬೇವಿನ ಬೆಣೆ ಜಡಿದು
ಸಿಲಿಂಡರಿನ ಹೊಟ್ಟೆಗೆ ಸುತ್ತಿ ಬಾಗಿಸಿದೆ.
ಒಳಗೆ ತುಂಬಿಕೊಂಡದ್ದು ಬಾಗಿದರೂ ಮುರುಟುವುದಿಲ್ಲ
ಅಂದಿದ್ದರು ಐಟಿಐ ಮೇಷ್ಟ್ರು;
ಆಗ ಅವರ ಹೊಟ್ಟೆ ನೋಡಿ ನಕ್ಕಿದ್ದೆವು.

ನೀರು ಬಂತು. ಹನಿ ಹನಿ, ಚೆಂದಾಗಿ.
ಸಾಬರು ಬಾಟಲಿಯನ್ನು ಬೆಳಕಿಗೆ ಹಿಡಿದರು, ಮೂಸಿದರು,
ವಾಪಸ್ ನನ್ನ ಕಡೆಗೇ ಸರಿಸಿದರು.
"ರೇವಮ್ಮಾ, ತಾಮ್ರದ ಮೇಲೆ ನಡೆದು ಬಂದ ನೀರು
ಬ್ಯಾಟರಿ ಪ್ಲೇಟಿಗೆ ವಿಷ ಕಣಮ್ಮ."

ಮೂರು ದಿನ ಅವರ ಅಂಗಡಿ ಮುಂದೆ ಹಾಯಲಿಲ್ಲ.

ಆಮೇಲೆ ಹಾಲಿನ ಡೇರಿಯವರು ಕಿತ್ತೆಸೆದ ಸ್ಟೀಲ್ ಪೈಪು,
ತೂಕದ ರೇಟಿಗೆ.
ಸ್ಟೀಲು ಬಿಸಿಯನ್ನು ಸುಲಭಕ್ಕೆ ಬಿಟ್ಟುಕೊಡುವ ಜಾತಿಯಲ್ಲ,
ಮನೆ ಪಾಲು ಮಾಡುವ ದೊಡ್ಡಪ್ಪನ ಹಾಗೆ
ತಡೆದು ತಡೆದು ಕೊಡುತ್ತದೆ.
ಹತ್ತಡಿ ಸಾಲದು. ಇಪ್ಪತ್ತೆರಡು.
ರೆಕ್ಕೆಗಳಿಗೆ ಪ್ರಿಂಟಿಂಗ್ ಪ್ರೆಸ್ಸಿನ ಹಳೇ ಅಲ್ಯೂಮಿನಿಯಂ ಹಾಳೆ:
ನೂರ ನಲವತ್ತು ಚೌಕ ಕತ್ತರಿಸಿ, ನಡುವೆ ತೂತು ಕೊರೆದು
ಕಿರುಬೆರಳಷ್ಟು ಸಂದಿ ಬಿಟ್ಟು ಪೋಣಿಸಿದೆ.
ಒಂದು ರೆಕ್ಕೆಯಲ್ಲಿ ಅರ್ಧ 'ಚಿ. ಸೌ.',
ಮುಂದಿನದರಲ್ಲಿ ಯಾರದೋ ವೈಕುಂಠ ಸಮಾರಾಧನೆ,
ಅದರಾಚೆ ಮತ್ತೆ ಮುಹೂರ್ತ.

ಒಲೆ ಹಚ್ಚಿದೆ. ಆವಿ ಏರಿತು, ತಣಿಯಿತು,
ಹೊರಗೆ ಮಾತ್ರ ಬರಲಿಲ್ಲ.
ಒಳಗೇ ಗೊಳಗೊಳ, ಗಂಟಲಲ್ಲಿ ಕಫ ಕಟ್ಟಿದ ಹಾಗೆ.
ಬಗ್ಗಿ ನೋಡುವಷ್ಟರಲ್ಲಿ ಉಗಿಯಿತು;
ಬಲಗೈ ಮೇಲೆ ಕಲೆ ಇನ್ನೂ ಇದೆ, ಹುಣಸೆಬೀಜದಷ್ಟು.
ರಸಮಟ್ಟ ಇಟ್ಟು ನೋಡಿದರೆ
ನಾಲ್ಕನೇ ಮಡಿಕೆ ಒಂದು ನೂಲು ಮೇಲೆದ್ದಿದೆ.
ಒಂದು ನೂಲು!
ಅಷ್ಟಕ್ಕೇ ಮುನಿಸಿಕೊಂಡು ಕೂತಿತ್ತು ನೀರು.
ಮುರಿದ ಹ್ಯಾಕ್ಸಾ ಬ್ಲೇಡು ಮಡಚಿ
ಹಿಂದಿನ ಕಾಲಿಗೆ ಬೆಣೆ ಕೊಟ್ಟೆ.

ಮೂರು ಗಂಟೆಯ ಗಾಳಿ ಬಂತು.
ಶೀಟು ಕುಕ್ಕಲು ಹೋದದ್ದು ರೆಕ್ಕೆಗಳ ಸಂದಿಗೆ ಸಿಕ್ಕಿಬಿದ್ದು
ಮದುವೆ ತಿಥಿಗಳ ನಡುವೆ ನುಸುಳುತ್ತ
ಗುಂಯ್ ಅಂದಿತು.
ಕೊಳವೆಯ ತುದಿಯಲ್ಲಿ ಒಂದು ಹನಿ ದಪ್ಪಗಾಯಿತು,
ಬೀಳಲೋ ಬೇಡವೋ ಎಂದು ನೇತಾಡಿ
ಬಿತ್ತು.

ಸಾಬರು ನಾಲಿಗೆ ತುದಿಗೆ ಮುಟ್ಟಿಸಿಕೊಂಡು
ಕಣ್ಣು ಮುಚ್ಚಿ ತುಂಬ ಹೊತ್ತು ಹುಡುಕಿದರು.
"ಏನೂ ಇಲ್ಲ" ಅಂದರು.
ಐವತ್ತು ವರ್ಷದ ಕಸುಬಿನಲ್ಲಿ
ಅದಕ್ಕಿಂತ ದೊಡ್ಡ ಹೊಗಳಿಕೆ ಅವರ ಹತ್ತಿರ ಇರಲಿಲ್ಲ.
ನಾನೂ ಕುಡಿದೆ, ಅರ್ಧ ಲೋಟ.
ಗಡಸಿಲ್ಲ, ಒಗರಿಲ್ಲ, ನಲ್ಲಿಯ ಕಿಲುಬಿಲ್ಲ;
ಗುರುತಿಲ್ಲದ ಊರಿನಲ್ಲಿ ಇಳಿದ ಹಾಗಾಯಿತು ಬಾಯಿಗೆ.

ಸಂಜೆ ಹಂಡೆಯ ಮುಚ್ಚಳ ತೆಗೆದರೆ
ತಳದಲ್ಲಿ ಬೆಳ್ಳಗೆ ಹಕ್ಕಳೆ.
ನಮ್ಮೂರು ಅಲ್ಲಿತ್ತು.
ಕೆರೆದು ಕೆರೆದು ಒಂದು ಚಿಪ್ಪು ತುಂಬಿಸಿದೆ.

ಗಿರಿಜವ್ವ ಬಂದಳು, ಚರಂಡಿಯನ್ನು ಮೊದಲು ನೋಡಿದಳು.
ಒಣಗಿತ್ತು. ಬಾಯಿಗೆ ಕೆಲಸ ಸಿಗಲಿಲ್ಲ ಪಾಪ.
"ಆ ಬೂದಿ ಬಿಸಾಕಬೇಡ, ಹಿತ್ತಾಳೆ ತಿಕ್ಕೋಕಾಗುತ್ತಾ ನೋಡ್ತೀನಿ"
ಎಂದು ಚಿಪ್ಪು ಎತ್ತಿಕೊಂಡು ಹೊರಟಳು.
ಬೀದಿ ದಾಟುವಷ್ಟರಲ್ಲಿ
ಅರ್ಧ ಹಾರಿಹೋಗಿತ್ತು.

ಇರಲಿ. ಕೂಲಿ ಕೇಳದೆ
ಇಡೀ ಮಧ್ಯಾಹ್ನ ದುಡಿದಿತ್ತು ಅದು.